ಬಾಜಾಕ್ಕೆ ಎಂಜಲಿಲ್ಲ ಎಂದ ಬ್ಯಾಂಡ್ ಮಾಸ್ಟರು

ನಿಮಗೂ ಹೀಗಾಗಿದೆಯಾ? ಕಣ್ಣೆದುರಿಗೇ ಒಬ್ಬ ಮನುಷ್ಯ ಧಡಕ್ಕನೆ ಬೀಳುತ್ತಾನೆ. ಸುತ್ತ ಜನ ಸೇರುತ್ತಾರೆ. ಒಬ್ಬ ಅವನ ಮೂಗಿಗೆ ಚಪ್ಪಲಿ ಹಿಡಿಯುತ್ತಾನೆ. ಇನ್ನೊಬ್ಬಳು ಈರುಳ್ಳಿ ಜಜ್ಜಿಕೊಂಡು ಬರುತ್ತಾಳೆ. ಮತ್ತೊಬ್ಬ ಕೈಯೊಳಗೆ ಕೀಲಿಗೊಂಚಲು ತುರುಕುತ್ತಾನೆ. ಮೂಲೆಯಲ್ಲಿ ನಿಂತ ಅಂಕಲ್ ಒಬ್ಬರು ಸೋಡಾ ಕುಡಿಸಿ ಎನ್ನುತ್ತಾರೆ. ಬಿದ್ದವನು ಉಸಿರಾಡುತ್ತಿದ್ದಾನಾ ಎಂದು ನೋಡುವವರು ಮಾತ್ರ ಒಬ್ಬರೂ ಇರುವುದಿಲ್ಲ. ಆಗಿದೆ ತಾನೇ? ನನಗಂತೂ ಅದೇ ನೌಕರಿಯಾಗಿತ್ತು.

ಅಕ್ಕನ ಮಗಳು ಸೋಷಿಯಲ್ ವರ್ಕ್ ಓದಿ ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. "ಚಿಕ್ಕಮ್ಮಾ, ನಿಮ್ಮ ಕಾಲದಲ್ಲಿ ಪ್ರೋಟೋಕಾಲ್ ಏನಿತ್ತು?" ಎಂದು ಕೇಳಿದಳು. ಪ್ರೋಟೋಕಾಲಾ? ನಮ್ಮ ಹತ್ತಿರ ಇದ್ದದ್ದು ಒಬ್ಬ ರಿಟೈರ್ಡ್ ಕರ್ನಲ್, ಬಟ್ಟೆ ಅಂಗಡಿಯ ಒಂದು ಹೆಣ್ಣುಬೊಂಬೆ, ಪಕ್ಕದ ಅಂಗಡಿಯಲ್ಲಿ ಮದುವೆ ದಿಬ್ಬಣದ ಒಂದು ಬ್ಯಾಂಡ್ ಸೆಟ್ಟು. ಬಡ್ತಿ, ಸನ್ಮಾನ, ಶಾಲು ಇತ್ಯಾದಿ ಇಲ್ಲಿ ಬರೆಯುವುದಿಲ್ಲ. ಬಡ್ತಿ ಸಿಗಲೂ ಇಲ್ಲ, ಅದು ಬೇರೆ ಮಾತು. ಮಂಡಿ ಕೈಕೊಟ್ಟಿತೆಂದು ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಕೂತಿದ್ದೇನೆ. ಟೈಮ್ ಬೇಕಾದಷ್ಟಿದೆ, ಓದಿ.

ನಾನು ಹಾಸನದಲ್ಲಿ ನರ್ಸಿಂಗ್ ಕಲಿತವಳು. ಗಂಡನಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸ, ಮನೆ ಜನಕಪುರಿಯಲ್ಲಿ. ಎರಡು ಸಾವಿರದ ಆರಂಭದ ವರ್ಷಗಳು. ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಬಸ್ಸು ಬದಲಿಸಿ ಬದಲಿಸಿ ರೋಹಿಣಿಯ ಆಚೆ ಅಂಚಿನ ಒಂದು ಪುನರ್ವಸತಿ ಕಾಲನಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಚಿಕ್ಕ ಸಂಸ್ಥೆಯ ಕೇಂದ್ರ. ಸ್ಮ್ಯಾಕ್ ಎಂಬ ಕಲಬೆರಕೆ ಹೆರಾಯಿನ್ ಸೇದುವವರು, ನಶೆಯ ಸೂಜಿ ಚುಚ್ಚಿಕೊಳ್ಳುವವರು ಬಂದು ನೆರಳಲ್ಲಿ ಕೂತು, ಟೀ ಕುಡಿದು, ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು, ಹಳೆಯ ಸೂಜಿ ಕೊಟ್ಟು ಹೊಸದು ಒಯ್ಯುವ ಜಾಗ. ನಮ್ಮತ್ತೆ ಊರಿಗೆ ಫೋನ್ ಮಾಡಿದಾಗಲೆಲ್ಲ "ಸೊಸೆಗೆ ಸೂಜಿ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ" ಎನ್ನುತ್ತಿದ್ದರು. ಕೇಳಿದವರು ನಾನು ಮಕ್ಕಳಿಗೆ ಲಸಿಕೆ ಹಾಕುತ್ತೇನೆ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಕೇಂದ್ರದ ಯಜಮಾನರು ಕರ್ನಲ್ ನಂಜಪ್ಪ, ಕೊಡಗಿನವರು. ಸೈನ್ಯದಿಂದ ನಿವೃತ್ತರಾಗಿ ನೇರ ಇಲ್ಲಿಗೆ ಬಂದಿದ್ದರು. ಸೈನ್ಯ ಬಿಟ್ಟರೂ ಸೈನ್ಯ ಅವರನ್ನು ಬಿಟ್ಟಿರಲಿಲ್ಲ. ಮೊದಲ ದಿನವೇ ನಶೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ "ಸಾವಧಾನ್" ಎಂದರು. ಅರ್ಧ ಜನ ನಿಂತಲ್ಲೇ ತೂಕಡಿಸುತ್ತ ಒಬ್ಬರ ಮೇಲೊಬ್ಬರು ಒರಗಿದರು. ಸಾಲಿಗೆ ಸಾಲೇ ಮೆಲ್ಲಗೆ ಎಡಕ್ಕೆ ವಾಲಿತು. ಕರ್ನಲ್ ಸಾಹೇಬರು ಮೀಸೆ ತಿರುವಿ ಕನ್ನಡದಲ್ಲಿ ನನಗೆ ಹೇಳಿದರು: "ಸಿಸ್ಟರ್, ಇವರಿಗೆ ನಾಳೆಯಿಂದ ವಿಶ್ರಾಮ್ ಒಂದೇ ಸಾಕು."

ಒಳ್ಳೆಯ ಮನುಷ್ಯ. ಒಂದೇ ಒಂದು ರೋಗವಿತ್ತು, ಬೀಗ. ಕೇಂದ್ರದಲ್ಲಿ ಒಂದು ಉಕ್ಕಿನ ಬೀರು. ಅದರ ಕೀಲಿ ಜನಿವಾರದ ಹಾಗೆ ಸದಾ ಅವರ ಮೈಮೇಲೆ. ಬೀರುವಿನಲ್ಲಿ ಎರಡು ಅಮೂಲ್ಯ ವಸ್ತುಗಳು. ಒಂದು, ಮಿಲಿಟರಿ ಕ್ಯಾಂಟೀನಿನ ಬಿಸ್ಕೆಟ್. ಇನ್ನೊಂದು ನಲೋಕ್ಸೋನ್ ಇಂಜೆಕ್ಷನ್. ಸ್ಮ್ಯಾಕಿನಂಥ ನಶೆ ಹೆಚ್ಚಾಗಿ ಉಸಿರು ನಿಲ್ಲುತ್ತಾ ಬಂದವನಿಗೆ ಕೊಟ್ಟರೆ ಅದು ನಶೆಯನ್ನು ಒದ್ದು ಹೊರಗೆ ಹಾಕುತ್ತದೆ. ಕಾಲನಿಯವರು ಅದನ್ನು ಉಲ್ಟಾ ಸೂಜಿ ಎನ್ನುತ್ತಿದ್ದರು. ಬಿಸ್ಕೆಟ್ ಮಾತ್ರ ಬೀಗ ಹಾಕಿದ್ದರೂ ಕಡಿಮೆಯಾಗುತ್ತಿತ್ತು. ಕರ್ನಲ್ ಇಲಿ ಎನ್ನುತ್ತಿದ್ದರು. ಉಕ್ಕಿನ ಬೀರುವಿಗೆ ಇಲಿ ಹೇಗೆ ನುಗ್ಗುತ್ತದೆ ಎಂದು ಕೇಳಲು ಯಾರಿಗೂ ಧೈರ್ಯವಿರಲಿಲ್ಲ.

ಆಗ ಕಾಲನಿಯಲ್ಲಿ ನಶೆ ಹೆಚ್ಚಾಗಿ ಬಿದ್ದವನಿಗೆ ಮಾಡುತ್ತಿದ್ದ ಉಪಚಾರ ಕೇಳಿದರೆ ನಗುತ್ತೀರಿ. ಕಪಾಳಕ್ಕೆ ಬಾರಿಸುವುದು, ಐಸ್ ನೀರು ಸುರಿಯುವುದು, ಬಾಯಿಗೆ ಹಾಲು ಹೊಯ್ಯುವುದು. ಎಲ್ಲಕ್ಕಿಂತ ದೊಡ್ಡ ವಿದ್ಯೆಯೆಂದರೆ ಉಪ್ಪುನೀರನ್ನು ಸೂಜಿಯಲ್ಲಿ ಚುಚ್ಚುವುದು. ಇದರಲ್ಲಿ ಯಾವುದೂ ಉಸಿರು ತರುವುದಿಲ್ಲ, ಕೆಲವು ಉಳಿದ ಉಸಿರನ್ನೂ ತೆಗೆಯುತ್ತವೆ. ಆಸ್ಪತ್ರೆಗೆ ಒಯ್ಯಿ ಎಂದರೆ ಪೊಲೀಸ್ ಕೇಸಾಗುತ್ತದೆ ಎಂಬ ಭಯ. ಹಾಗಾಗಿ ಗೆಳೆಯರೇ ಬಿದ್ದವನನ್ನು ನಾಲೆಯ ಪಕ್ಕ ಮಲಗಿಸಿ ಜಾಗ ಖಾಲಿ ಮಾಡುತ್ತಿದ್ದರು. ಕಟುಕರೇನಲ್ಲ ಅವರು. ಏನು ಮಾಡಬೇಕೆಂದು ಗೊತ್ತಿಲ್ಲದವರು.

ನಾನು ಕರ್ನಲ್‌ಗೆ ಹೇಳಿದೆ, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಇವರಿಗೇ ಕಲಿಸೋಣ, ಗೆಳೆಯ ಬಿದ್ದಾಗ ಪಕ್ಕದಲ್ಲಿರುವವನು ಇವರೇ ಅಲ್ಲವಾ ಎಂದು. ಅವರಿಗೆ ಹಿಡಿಸಿತು. ಕಲಿಸಲು ಬೊಂಬೆ ಬೇಕು. ಆಸ್ಪತ್ರೆಯ ಬೊಂಬೆ ಕೊಳ್ಳುವ ಶಕ್ತಿ ನಮಗೆಲ್ಲಿ? ಮರುದಿನ ಕರ್ನಲ್ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸನ್ನು ಮಲಗಿಸಿಕೊಂಡು ಬಂದರು. ಜನಕಪುರಿ ಮಾರ್ಕೆಟ್ಟಿನ ಸೀರೆ ಅಂಗಡಿ ಮುಚ್ಚುವಾಗ ಬಿಟ್ಟುಹೋದ ಬೊಂಬೆ. ಕೆಂಪು ತುಟಿ, ಕಾಡಿಗೆ ಕಣ್ಣು, ಒಂದು ಕೈ ಇಲ್ಲ. ಬಾಯಿಗೆ ತೂತು ಕೊರೆದು, ಎದೆಯೊಳಗೆ ಫುಟ್‌ಬಾಲಿನ ಬ್ಲ್ಯಾಡರ್ ಕೂರಿಸಿದೆವು. ಊದಿದರೆ ಎದೆ ಏರಬೇಕು. ಏರಿತು ಕೂಡ. ಜೊತೆಗೆ ಕತ್ತಿನ ಹತ್ತಿರ ಸೀಟಿಯಂಥ ಸದ್ದು ಬರುತ್ತಿತ್ತು.

ತರಬೇತಿಯ ದಿನ ಇಪ್ಪತ್ತು ಜನ ನೆರೆದರು. ಒಬ್ಬನೂ ಮುಂದೆ ಬರಲಿಲ್ಲ. ಮೊದಲನೆಯವನು, ಪರ ಹೆಂಗಸು ಸಿಸ್ಟರ್‌ಜೀ, ನಾಚಿಕೆ ಎಂದ. ಯಾರೋ ಆಗಲೇ ಅವಳ ಬೈತಲೆಗೆ ಸಿಂಧೂರ ಬೇರೆ ಹಚ್ಚಿದ್ದರು. ಈಗಂತೂ ಮದುವೆಯಾದವಳು, ಇನ್ನೂ ಕಷ್ಟ. ಕರ್ನಲ್ ಕೋಪದಿಂದ ಪೇಂಟ್ ತರಿಸಿ ಅವಳಿಗೆ ಮೀಸೆ ಬರೆದರು. ಆಗ ಒಬ್ಬ ಧೈರ್ಯಮಾಡಿ ಊದಿದ. ಎರಡನೆಯವನನ್ನು ಕರೆದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅದು ಜೂಠಾ ಆಯ್ತಲ್ಲ," ಎಂದ. ಎಂಜಲು.

ನನಗೆ ತಲೆ ಕೆಟ್ಟುಹೋಯಿತು. ನಾಲ್ಕು ಜನ ಒಂದೇ ಸೂಜಿಯಿಂದ ರಕ್ತ ಹಂಚಿಕೊಳ್ಳುವವರು ಇವರು. ಆ ಸೂಜಿ ಬಿಡಿಸಲು ನಾನು ಬಸ್ಸು ಹತ್ತಿ ಬರುತ್ತೇನೆ. ಅದು ಎಂಜಲಲ್ಲ, ಬಾಯಿ ಎಂಜಲು. ಸ್ಪಿರಿಟ್ಟಿನಲ್ಲಿ ಒರೆಸಿದೆ. ತುಟಿಯ ಬಣ್ಣ, ಮೀಸೆ ಎರಡೂ ಹೋದವು, ಎಂಜಲು ಹೋಗಲಿಲ್ಲ. ನಡುವೆ ಹಾಕಲು ತೂತಿನ ಪ್ಲಾಸ್ಟಿಕ್ ಹಾಳೆ ಕೊಟ್ಟೆ. ಒಬ್ಬನಂತೂ ನನ್ನ ಮುಖಕ್ಕೇ ಕೇಳಿದ, ನಾಳೆ ಬೀಳುವವನು ಯಾವ ಜಾತಿಯವನೋ ಏನೋ, ನೀವಾದರೆ ಬಾಯಿ ಇಡುತ್ತೀರಾ ಎಂದು. ಇಡುತ್ತೇನೆ ಎಂದೆ. ನೀವು ನರ್ಸು, ನಿಮ್ಮ ಮಾತು ಬೇರೆ ಎಂದುಬಿಟ್ಟ. ಎಲ್ಲರೂ ಟೀ ಕುಡಿದು ಹೋದರು. ಕಪ್ಪು ಮಾತ್ರ ಯಾರೂ ಅದಲುಬದಲು ಮಾಡಿಕೊಳ್ಳಲಿಲ್ಲ.

ಈ ತಮಾಷೆಯನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದವರು ಪಕ್ಕದ ಬ್ಯಾಂಡ್ ಅಂಗಡಿಯ ಮಾಸ್ಟರ್‌ಜೀ. ಮದುವೆ ದಿಬ್ಬಣಗಳಲ್ಲಿ ಕೆಂಪು ಕೋಟು, ಬಂಗಾರದ ಅಂಚು, ಪುಕ್ಕದ ಟೋಪಿ ಹಾಕಿ ಊದುತ್ತಾ ಹೋಗುತ್ತಾರಲ್ಲ, ಅಂಥ ತಂಡದ ಯಜಮಾನ. ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರ ತಂಡದಲ್ಲೂ ಮೂರು ನಾಲ್ಕು ಜನ ನಮ್ಮ ಗಿರಾಕಿಗಳು. ಮುಂದಿನ ತರಬೇತಿಗೆ ಎಲ್ಲರೂ ಸೇರಿದಾಗ ಮಾಸ್ಟರ್‌ಜೀ ಒಳಗೆ ಬಂದು ತಮ್ಮ ಟ್ರಂಪೆಟ್ ಎತ್ತಿ ಊದಿದರು. ಬಾಯಿ ಇಡುವ ಜಾಗವನ್ನು ಅಂಗಿಯ ತೋಳಿಗೆ ಒರೆಸಿ ತಮ್ಮ ಹುಡುಗನೊಬ್ಬನಿಗೆ ಕೊಟ್ಟರು. ಅವನೂ ಊದಿ, ಒರೆಸಿ, ಮುಂದಿನವನಿಗೆ ಕೊಟ್ಟ.

"ನೋಡಿದ್ರಾ," ಎಂದರು ಮಾಸ್ಟರ್‌ಜೀ. "ಇವನು ಹಿಂದೂ, ಇವನು ಮುಸಲ್ಮಾನ, ಇವನು ಏನೂಂತ ಇವನ ಅಪ್ಪನಿಗೂ ಗೊತ್ತಿಲ್ಲ. ಬಾಜಾ ಒಂದೇ. ನಮ್ಮ ಕಸುಬಲ್ಲಿ ಬಾಜಾಕ್ಕೆ ಎಂಜಲಿಲ್ಲ. ಉಸಿರು ನಿಂತವನೂ ಒಂದು ಬಾಜಾನೇ ಕಣಪ್ಪಾ. ಊದಿದ್ರೆ ಮಾತ್ರ ಸದ್ದು ಬರ್ತದೆ."

ಅಷ್ಟೇ. ನನ್ನ ನರ್ಸಿಂಗ್ ಡಿಪ್ಲೊಮಾ, ಕರ್ನಲ್‌ರ ಆರ್ಡರ್ ಯಾವುದಕ್ಕೂ ಬಗ್ಗದವರು ಇದಕ್ಕೆ ಬಗ್ಗಿದರು. ಬ್ಯಾಂಡಿನವರೇ ಮೊದಲು ಸಾಲು ನಿಂತರು. ಹೊಸ ಸಮಸ್ಯೆ ಶುರುವಾಯಿತು. ಇವರ ಶ್ವಾಸಕೋಶ ನೋಡಬೇಕು ನೀವು. ಮೊದಲನೆಯವನ ಒಂದೇ ಉಸಿರಿಗೆ ಬೊಂಬೆಯೊಳಗಿನ ಬ್ಲ್ಯಾಡರ್ ಢಂ ಎಂದು ಒಡೆಯಿತು. ಕರ್ನಲ್ ಅಭ್ಯಾಸಬಲದಿಂದ ಮೇಜಿನ ಕೆಳಗೆ ಹೋದರು.

ಹೊಸ ಬ್ಲ್ಯಾಡರ್ ಕೂರಿಸಿ, ಮೆಲ್ಲಗೆ ಊದಬೇಕು, ಎದೆ ಏರುವಷ್ಟು ಮಾತ್ರ, ಐದು ಸೆಕೆಂಡಿಗೆ ಒಂದು ಎಂದು ಕಲಿಸಿದೆ. ಸೆಕೆಂಡು ಎಣಿಸಲು ಯಾರ ಕೈಯಲ್ಲೂ ಗಡಿಯಾರವಿಲ್ಲ. ಇದ್ದವರು ಮಾರಿ ನಶೆ ಮಾಡಿದ್ದರು. ಮಾಸ್ಟರ್‌ಜೀ ಅದಕ್ಕೂ ದಾರಿ ಹುಡುಕಿದರು. ಢೋಲ್ ಬಾರಿಸುವ ಸುರೇಶ್ ತಾಳ ಹಾಕಬೇಕು, ಊದುವವನು ತಾಳಕ್ಕೆ ಊದಬೇಕು. ಸುರೇಶ್ ಅಭ್ಯಾಸದಂತೆ ಬಾರಾತಿನ ತಾಳ ಹಾಕಿದ, ದಿಬ್ಬಣದ ಮುಂದೆ ಕುಣಿಯುವ ತಾಳ. ಆ ವೇಗಕ್ಕೆ ಉಸಿರು ಕೊಟ್ಟರೆ ರೋಗಿ ಬಲೂನಾಗುತ್ತಾನೆ. ಕೊನೆಗೆ ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ನುಡಿಸುವ ವಿದಾಯಿಯ ನಿಧಾನದ ಧಾಟಿ ಸರಿಹೋಯಿತು. ಒಂದು ಸಾಲಿಗೆ ಒಂದು ಉಸಿರು. ನಾನು ಕೈಗಡಿಯಾರ ಹಿಡಿದು ನೋಡಿದೆ, ಐದು ಸೆಕೆಂಡಿಗೆ ಪಕ್ಕಾ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಜೀವ ಉಳಿಸುವ ತರಬೇತಿ ನಡೆಯುವಾಗಲೆಲ್ಲ ಗಲ್ಲಿಯಲ್ಲಿ ಹೋಗುವವರು ಯಾರ ಮಗಳ ಮದುವೆಯೆಂದು ಒಳಗೆ ಇಣುಕುತ್ತಿದ್ದರು.

ಈಗ ಬಿಟ್ಟುವಿನ ವಿಷಯಕ್ಕೆ ಬರುತ್ತೇನೆ. ಬಿಟ್ಟು ಆ ತಂಡದ ಮುಖ್ಯ ಟ್ರಂಪೆಟ್ಟಿನವನು. ಅವನ ಹೆಂಡತಿ ಕಮಲೇಶ್, ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅವನ ನಶೆಯಿಂದ ರೋಸಿ ಒಮ್ಮೆ ಮನೆಯಿಂದ ಹೊರಗೆ ಹಾಕಿದ್ದಳು. ಅವನು ನಶೆಮುಕ್ತಿ ಶಿಬಿರಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು, ಗುಂಡಗುಂಡಗೆ ಆಗಿ ವಾಪಸು ಬಂದ. ಮದುವೆಯ ಸೀಸನ್ ಶುರುವಾಗಿತ್ತು. ಕಮಲೇಶ್ ಅವನ ಕೆಂಪು ಕೋಟಿಗೆ ಇಸ್ತ್ರಿ ಮಾಡಿ, ತಾನೇ ಅವನನ್ನು ಅಂಗಡಿಯವರೆಗೆ ಕರೆತಂದಳು. ಹೋಗುವಾಗ ನನಗೆ, ಇದೇ ಕೊನೆಯ ಸಲ ಸಿಸ್ಟರ್‌ಜೀ, ಮತ್ತೆ ಬಿದ್ದರೆ ಬಾಗಿಲು ತೆಗೆಯುವುದಿಲ್ಲ ಎಂದಳು.

ಇಲ್ಲಿ ಹೊಸಬರಿಗೆ ಒಂದು ಮಾತು, ನಗು ಬದಿಗಿಡಿ. ಶಿಬಿರದಿಂದ, ಜೈಲಿನಿಂದ, ಊರಿಂದ ವಾಪಸು ಬಂದವನ ಮೇಲೆ ಎಲ್ಲರಿಗಿಂತ ಹೆಚ್ಚು ಕಣ್ಣಿಡಬೇಕು. ಬಿಟ್ಟಿರುವಾಗ ಮೈಯ ತಾಳಿಕೆ ಇಳಿದಿರುತ್ತದೆ. ಮನಸ್ಸಿಗೆ ಮಾತ್ರ ಹಳೆಯ ಅಳತೆಯೇ ನೆನಪಿರುತ್ತದೆ. ಹಳೆಯ ಅಳತೆ ಹೊಸ ಮೈಯನ್ನು ಕೊಲ್ಲುತ್ತದೆ.

ಅದೇ ದಿನ ಮಧ್ಯಾಹ್ನ. ತಂಡ ರೋಹಿಣಿಯ ಒಂದು ಮದುವೆಗೆ ಹೊರಡಲು ಸಜ್ಜಾಗಿತ್ತು. ಬಿಟ್ಟು ಕಾಣಿಸಲಿಲ್ಲ. ಸುರೇಶ್ ಅಂಗಡಿಯ ಹಿಂದೆ ಹೋದವನು "ಸಿಸ್ಟರ್‌ಜೀ" ಎಂದು ಕೂಗಿದ. ಆ ಕೂಗಿನಲ್ಲೇ ನನಗೆ ಗೊತ್ತಾಯಿತು. ಗೋಡೆಗೆ ಒರಗಿ ಕೂತಿದ್ದಾನೆ, ಕೆಂಪು ಕೋಟು, ಟೋಪಿ ಸಮೇತ. ತುಟಿ ನೀಲಿ. ಕಣ್ಣಿನ ಪಾಪೆ ಸಾಸಿವೆಯಷ್ಟು. ಗೊರಕೆಯಂಥ ಒಂದು ಸದ್ದು ಬಂತು, ಆಮೇಲೆ ಅದೂ ಇಲ್ಲ.

ನೆಲಕ್ಕೆ ಮಲಗಿಸಿ, ಗದ್ದ ಎತ್ತಿ ಮೊದಲ ಎರಡು ಉಸಿರು ನಾನೇ ಕೊಟ್ಟೆ. ಉಲ್ಟಾ ಸೂಜಿ ತರಬೇಕು. ಸೂಜಿ ಬೀರುವಿನಲ್ಲಿ. ಕೀಲಿ ಕರ್ನಲ್ ಕೊರಳಲ್ಲಿ. ಕರ್ನಲ್ ಎಲ್ಲಿ? ಎರಡು ಗಂಟೆ ದೂರದ ಗ್ರೇಟರ್ ನೋಯ್ಡಾದಲ್ಲಿ, ನಿವೇಶನ ನೋಡಲು ಹೋಗಿದ್ದಾರೆ. ತಲೆ ಎತ್ತಿದೆ. ಮಾಸ್ಟರ್‌ಜೀ ಆಗಲೇ ಮೊಣಕಾಲೂರಿ ಕೂತಿದ್ದರು. "ನೀವು ಹೋಗಿ, ಇದು ನನ್ನ ಬಾಜಾ," ಎಂದು ತಮ್ಮ ದೊಡ್ಡ ಬಾಯನ್ನು ಬಿಟ್ಟುವಿನ ಬಾಯಿಗೆ ಕೊಟ್ಟರು.

ನಾನು ಫೋನಿಗೆ ಓಡಿದೆ. ಸುರೇಶ್ ಢೋಲ್ ಎತ್ತಿಕೊಂಡ. ಪಾಪ, ಗಾಬರಿಯಲ್ಲಿ ಬಾರಾತಿನ ತಾಳ ಹಾಕಿಯೇಬಿಟ್ಟ. ಮಾಸ್ಟರ್‌ಜೀ ತಾಳಕ್ಕೆ ತಕ್ಕಂತೆ ಬಡಬಡ ಊದತೊಡಗಿದರು. ನಾನು ಫೋನ್ ಹಿಡಿದೇ ವಿದಾಯಿ ಹಾಕೋ ವಿದಾಯಿ ಎಂದು ಕಿರುಚಿದೆ. ತಾಳ ಇಳಿಯಿತು. ಆದರೆ ಬ್ಯಾಂಡಿನವರು ಬ್ಯಾಂಡಿನವರೇ. ತಾಳ ಕೇಳಿದ್ದೇ ತಡ ಕ್ಲಾರಿನೆಟ್ಟಿನವನು, ಇನ್ನಿಬ್ಬರು ತಾವಾಗಿಯೇ ಧಾಟಿ ಎತ್ತಿದರು. ಕಾರ್ಖಾನೆಯಿಂದ ಊಟಕ್ಕೆ ಬರುತ್ತಿದ್ದ ಕಮಲೇಶ್ ಗಲ್ಲಿಯ ತಿರುವಿನಲ್ಲಿ ಕಂಡದ್ದು ಇದು: ಗಂಡ ನೆಲದ ಮೇಲೆ, ಸುತ್ತ ಬ್ಯಾಂಡು, ಬೀಳ್ಕೊಡುಗೆಯ ರಾಗ. ಅವಳು ಬಳೆ ಒಡೆದುಕೊಳ್ಳಲು ಗೋಡೆಯ ಕಡೆ ಓಡಿದಳು. ಇಬ್ಬರು ಹೆಂಗಸರು ಹಿಡಿದುಕೊಂಡರು.

ಅತ್ತ ಫೋನಿನಲ್ಲಿ ಕರ್ನಲ್.

"ಕೀಲಿ ನನ್ನ ಹತ್ತಿರ ಇದೆಯಲ್ಲಮ್ಮಾ."

"ಗೊತ್ತು ಸಾರ್. ಅದಕ್ಕೇ ಫೋನ್ ಮಾಡಿದ್ದು."

"ಒಡೆಯಿರಿ. ಇದು ಆರ್ಡರ್," ಎಂದರು.

ಒಡೆಯುವುದು ಹೇಳಿದಷ್ಟು ಸುಲಭವಾ? ಮಿಲಿಟರಿ ಬೀರು ಅದು. ಅಷ್ಟರಲ್ಲಿ ನಮ್ಮ ಗಿರಾಕಿಗಳಲ್ಲೇ ಒಬ್ಬ, ಫುಟ್‌ಪಾತಿನಲ್ಲಿ ಕೀಲಿ ಮಾಡಿಕೊಡುವವನು, ನನ್ನನ್ನು ಪಕ್ಕಕ್ಕೆ ಸರಿಸಿ ಒಂದು ತಂತಿ ಹಾಕಿ ತಿರುಗಿಸಿದ. ಬಾಗಿಲು ನಕ್ಕಂತೆ ತೆರೆಯಿತು. ನಾನು ಅವನ ಮುಖ ನೋಡಿದೆ. ಅವನು ಬಿಸ್ಕೆಟ್ ಡಬ್ಬಿ ನೋಡಿದ. ಆ ಹೊತ್ತಿನಲ್ಲಿ ಇಲಿಗೆ ಕೈಮುಗಿಯುವುದು ಬಿಟ್ಟು ಬೇರೇನು ಮಾಡಲಿ?

ತೊಡೆಯ ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟೆ. ಮಾಸ್ಟರ್‌ಜೀ ಊದುತ್ತಲೇ ಇದ್ದರು. ಬೆವರು ಅವರ ಗದ್ದದಿಂದ ಬಿಟ್ಟುವಿನ ಕೋಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಸಾಲು, ಒಂದು ಉಸಿರು. ಮತ್ತೊಂದು ಸಾಲು. ಉಳಿದ ವಾದ್ಯಗಳು ನಿಂತಿದ್ದವು. ಢೋಲ್ ಒಂದೇ ಕೇಳಿಸುತ್ತಿತ್ತು. ಆಮೇಲೆ ಬಿಟ್ಟುವಿನ ಎದೆ ತಾನಾಗಿ ಏರಿತು. ತುಟಿಯ ನೀಲಿ ಕರಗಿ ಕೆಂಪಾಯಿತು. ಕಣ್ಣು ಬಿಟ್ಟವನು ಮೂಗಿನ ಮೇಲೇ ಮಾಸ್ಟರ್‌ಜೀಯ ಮೀಸೆ ಕಂಡು, ಇಲ್ಲಿ ಬರೆಯಲಾಗದ ಒಂದು ಬೈಗುಳ ಬೈದ. ನಶೆ ಹಾಳು ಮಾಡಿದರೆಂದು ಕೋಪ ಅವನಿಗೆ. ಉಲ್ಟಾ ಸೂಜಿಯಿಂದ ಎದ್ದವರು ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಹೊಸಬರು ನಿರೀಕ್ಷಿಸಬೇಡಿ. ಆ ಬೈಗುಳ ಕೇಳಿ ಇಡೀ ಗಲ್ಲಿ ಚಪ್ಪಾಳೆ ತಟ್ಟಿತು.

ಕೆಲಸ ಮುಗಿದಿರಲಿಲ್ಲ. ಇಂಜೆಕ್ಷನ್ನಿನ ಪ್ರಭಾವ ಬೇಗ ಇಳಿಯುತ್ತದೆ, ನಶೆ ಒಳಗೇ ಕಾದು ಕೂತಿರುತ್ತದೆ, ಮತ್ತೆ ಉಸಿರು ನಿಲ್ಲಬಹುದು. ಆಸ್ಪತ್ರೆಗೆ ಒಯ್ಯಲೇಬೇಕು. ಗಾಡಿ ಇದ್ದದ್ದು ಒಂದೇ, ಬ್ಯಾಂಡಿನ ಟೆಂಪೊ. ಪೊಲೀಸ್ ಭಯ ಮರೆತು ಇಡೀ ತಂಡ ಹತ್ತಿತು. ತುರ್ತು ವಿಭಾಗದ ಬೆಂಚಿನ ತುಂಬ ಕೆಂಪು ಕೋಟು, ಪುಕ್ಕದ ಟೋಪಿ, ಮಡಿಲಲ್ಲಿ ವಾದ್ಯ. ಯಾರ ಮದುವೆ ಎಂದು ಗಾರ್ಡ್ ಕೇಳಿದ. ರೋಹಿಣಿಯ ಮದುವೆಯ ಗಂಡಿನ ಕಡೆಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಮಾಸ್ಟರ್‌ಜೀ ಶಾಂತವಾಗಿ "ನಿಮ್ಮ ಮದುಮಗನ ಉಸಿರು ನಿಂತಿಲ್ವಲ್ಲ ಭಾಯ್‌ಸಾಬ್, ಸ್ವಲ್ಪ ಕಾಯ್ಲಿ," ಎಂದು ಫೋನ್ ಇಟ್ಟರು. ಡಾಕ್ಟರು ಅಪಾಯವಿಲ್ಲ ಎಂದ ಮೇಲೇ ಅವರು ಎದ್ದದ್ದು. ಆ ದಿಬ್ಬಣ ಎಷ್ಟು ತಡವಾಗಿ ಹೊರಟಿತೋ, ಕುದುರೆಯ ಮೇಲೆ ಮದುಮಗನಿಗೆ ನಿದ್ದೆ ಬಂದಿತ್ತಂತೆ.

ಮರುದಿನ ಕರ್ನಲ್ ಬೀರುವಿನ ಬೀಗ ತೆಗೆಸಿದರು. ಉಲ್ಟಾ ಸೂಜಿಗಳು ಕಾಲನಿಯಲ್ಲಿ ತರಬೇತಿಯಾದವರ ಕೈಗೆ ಹೋದವು, ಮೊದಲನೆಯದು ಮಾಸ್ಟರ್‌ಜೀಯ ಕೋಟಿನ ಒಳಜೇಬಿಗೆ. ಆಫೀಸಿನ ಮೇಲಿನವರು ಆಕ್ಷೇಪಿಸಿದಾಗ ಕರ್ನಲ್, ಗುಂಡನ್ನು ಗೋದಾಮಿನಲ್ಲಿಟ್ಟು ಯುದ್ಧ ಮಾಡಿದವರನ್ನು ನಾನು ನೋಡಿಲ್ಲ ಎಂದರು. ಅಷ್ಟಕ್ಕೇ ನಿಂತಿತು.

ಆಮೇಲಿನ ವಾರದ ತರಬೇತಿಗೆ ಕಮಲೇಶ್ ಬಂದಳು. ಗಂಡಸರ ಗುಂಪನ್ನು ಮೊಣಕೈಯಿಂದ ಸರಿಸಿ ಮುಂದೆ ಕೂತಳು. ಬಾಗಿಲು ತೆಗೆಯುವುದಿಲ್ಲ ಎಂದಿದ್ದೆಯಲ್ಲ ಎಂದೆ. ಅವಳು ಬೊಂಬೆಯ ಗದ್ದ ಎತ್ತುತ್ತಾ ಹೇಳಿದಳು:

"ಅವನು ನಶೆ ಬಿಡ್ತಾನೋ ಇಲ್ವೋ ನನಗೆ ಗೊತ್ತಿಲ್ಲ ಸಿಸ್ಟರ್‌ಜೀ. ಜಗಳ ಆಡೋಕಾದ್ರೂ ಅವನು ಬದುಕಿರಬೇಕಲ್ಲ. ಹೇಗೆ ಊದೋದು, ತೋರಿಸಿ."

ಬಿಟ್ಟು ಮತ್ತೆ ಎರಡು ಸಲ ಜಾರಿದ, ಎರಡು ಸಲ ಎದ್ದ. ಕಮಲೇಶ್ ಜಗಳ ಒಂದು ದಿನವೂ ನಿಲ್ಲಿಸಲಿಲ್ಲ. ಅವಳ ಬ್ಯಾಗಿನಲ್ಲಿದ್ದ ಉಲ್ಟಾ ಸೂಜಿ ಮೊದಲು ಕೆಲಸಕ್ಕೆ ಬಂದದ್ದು ಬಿಟ್ಟುವಿಗಲ್ಲ. ನಲ್ಲಿಯ ಹತ್ತಿರ ಅವಳ ಜೊತೆ ವರ್ಷಗಟ್ಟಲೆ ಕೂದಲು ಹಿಡಿದು ಕಿತ್ತಾಡಿದ ನೆರೆಯವಳ ಮಗನಿಗೆ. ಹುಡುಗ ಎದ್ದು ಕೂತ. ಮರುದಿನ ನೀರು ಬಂದಾಗ ಇಬ್ಬರೂ ಮತ್ತೆ ಕಿತ್ತಾಡಿದರಂತೆ. ಆದರೆ ನೆರೆಯವಳು ಕಮಲೇಶಳ ಕೊಡವನ್ನು ಮೊದಲು ಇಟ್ಟು, ಆಮೇಲೆ ಬೈದಳಂತೆ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲೋ ಹಾಸ್ಟೆಲಿನಲ್ಲೋ ಗಲ್ಲಿಯಲ್ಲೋ ಯಾರಾದರೂ ಹೀಗೆ ಬಿದ್ದಾಗ ಏನು ಮಾಡಿದಿರಿ? ಯಾರು ಓಡಿ ಬಂದರು, ಯಾರು ಜಾಗ ಖಾಲಿ ಮಾಡಿದರು? ಕೆಳಗೆ ಬರೆಯಿರಿ. ಹೆಸರು ಬೇಡ, ಊರು ಬೇಡ. ಎದ್ದವರ ಕಥೆ ಮಾತ್ರವಲ್ಲ, ಏಳದವರ ಕಥೆಯನ್ನೂ ಬರೆಯಿರಿ. ಮನೆಯವರು ಹಾರ್ಟ್ ಅಟ್ಯಾಕ್ ಎಂದು ಹೇಳಿ ಮುಚ್ಚಿಟ್ಟಿದ್ದರೂ ಪರವಾಗಿಲ್ಲ, ಇಲ್ಲಿ ನಿಜವನ್ನೇ ಹೇಳಿ. ನನ್ನ ಅಕ್ಕನ ಮಗಳೂ, ಅವಳ ಜೊತೆ ಕೆಲಸಕ್ಕೆ ಸೇರಿದವರೂ ಓದುತ್ತಾರೆ. ನೀವು ಬರೆದದ್ದರಿಂದ ಅವರು ಯಾರನ್ನೋ ಎಬ್ಬಿಸಬಹುದು.